ಎಂಟು ನಂಬರಿನ ಆಶೀರ್ವಾದ

ನಾನು ಹಿರೇಕೆರೂರಿನ ತಾರ್ ಆಫೀಸಿನಲ್ಲಿ ಟೆಲಿಗ್ರಾಂ ಗುಮಾಸ್ತನಾಗಿದ್ದಾಗ ಮಾಸೂರಿನ ಮದುವೆ ಮನೆಯೊಂದಕ್ಕೆ ತಾರು ಬಂತು. ಜವಾನ ರಜೆಯಲ್ಲಿದ್ದ, ನಾನೇ ಸೈಕಲ್ ತುಳಿದು ಹೋದೆ. ಮದುಮಗಳ ಸೋದರಮಾವ ಬರಲಾಗದೆ ಪುಣೆಯಿಂದ ಕಳಿಸಿದ ತಾರು ಅದು. ‘ನವದಂಪತಿಗಳ ಮೇಲೆ ಭಗವಂತನ ಕೃಪೆ ಸುರಿಯಲಿ’ ಎಂದು ಇಂಗ್ಲಿಷಿನ ಅರ್ಥ ಬಿಡಿಸಿ ಹೇಳಿದೆ.

ಹುಡುಗಿಯ ಅಪ್ಪ ಕಣ್ಣೊರೆಸಿಕೊಂಡರು. “ಎಷ್ಟ್ ಚಂದ ಬರದಾನ ನೋಡ್ರಿ ನಮ್ಮ ಭಾವಮೈದ!”

ಅಷ್ಟಕ್ಕೇ ಸುಮ್ಮನೆ ಎದ್ದು ಬರಬೇಕಿತ್ತು. ಆದರೆ ಜಾಣತನ ತೋರಿಸುವ ಚಟ ನನಗೆ.

“ಇಷ್ಟೆಲ್ಲಾ ಅವ್ರು ಬರ್ಯಂಗಿಲ್ರಿ. ತಂತಿ ಮ್ಯಾಲೆ ನಿಮ್ಮ ವಿಳಾಸ, ಅವ್ರ ಹೆಸರು, ನಡುವ ಎಂಟು ಅಂತ ಒಂದ್ ನಂಬರ್ ಬರತೈತಿ. ಎಂಟಕ್ಕ ಯಾವ ಮಾತು ಅಂತ ಪುಸ್ತಕದಾಗ ನೋಡಿ ನಾ ಬರೀತೇನಿ.”

ಅವರ ಹುಬ್ಬು ಗಂಟಿಕ್ಕಿತು. “ಅಂದ್ರ ಅಂವ ಹೇಳಿದ್ದು ಬರೇ ಎಂಟು. ಹರಸಿದಾವ್ರು ನೀವು!”

“ಹಂಗಲ್ರಿ…”

“ಹಂಗಾ ಐತ್ರಿ. ಸೋದರಮಾವ ಹಿಂದ ನಿಂದ್ರಲಾರದ ಅಕ್ಕಿಕಾಳು ಬೀಳಂಗಿಲ್ಲ. ಏಳ್ರಿ ಮ್ಯಾಲೆ!”

ನನ್ನ ತಲೆಗೆ ರುಮಾಲು ಸುತ್ತಿ, ಹೆಗಲಿಗೆ ಶಲ್ಯ ಹಾಕಿ, ನನ್ನನ್ನು ಹುಡುಗಿಯ ಬೆನ್ನಿಗೆ ನಿಲ್ಲಿಸಿಯೇ ಬಿಟ್ಟರು. ಅಕ್ಕಿಕಾಳು ಬಿದ್ದ ಮೇಲೆ ಅವಳು ನನ್ನ ಕಾಲಿಗೂ ಬಿದ್ದಳು. ಗಾಬರಿಯಲ್ಲಿ ನನ್ನ ಬಾಯಿಂದ ಬಂದದ್ದು, “ಎಂಟು!”

ಆ ವರ್ಷದ ದೀಪಾವಳಿಗೆ ಅವಳ ಗಂಡನ ಮನೆ ಹಾನಗಲ್ಲಿನಿಂದ ನನ್ನ ಹೆಸರಿಗೇ ತಾರು ಬಂತು. ನಡುವೆ ಬರೀ ಒಂದು ನಂಬರು. ಪುಸ್ತಕ ನೋಡಿ ಶುಭಾಶಯವನ್ನು ನಾನೇ ಬರೆದೆ, ಲಕೋಟೆಗೆ ಹಾಕಿ ನಾನೇ ಅಂಟಿಸಿದೆ. ಆಮೇಲೆ ಮಾವನ ಗತ್ತಿನಲ್ಲಿ ಒಡೆದು ಓದಿ, “ಎಷ್ಟ್ ಚಂದ ಬರದಾಳ ನೋಡ್ರಿ!” ಎಂದು ಆಫೀಸಿಗೆಲ್ಲ ತೋರಿಸಿದೆ.