ಒಬ್ಬನ ಅಳತೆಯ ಗುಂಡಿ

ಮೇಷ್ಟ್ರ ಎಡಗೆನ್ನೆಯಲ್ಲಿ ಹೆಬ್ಬೆರಳು ಹುದುಗುವಷ್ಟು ಹಳ್ಳವಿತ್ತು. ದವಡೆ ಹಲ್ಲುಗಳು ಹೋದ ಮೇಲೆ ಆದದ್ದು. ಪಾಠದ ನಡುವೆ ಅಲ್ಲಿಗೆ ಬೆರಳಿಟ್ಟು, "ಇದಕ್ಕೆ ಇಂಗ್ಲಿಷಲ್ಲಿ ಹಾಲೋ ಅಂತಾರೆ. ಯಾರೂ ತೋಡಿದ್ದಲ್ಲ, ತಾನಾಗೇ ಒಳಕ್ಕೆ ಹೋಗಿರೋದು" ಎನ್ನುತ್ತಿದ್ದರು.

ಹಲಸೂರಿನಲ್ಲಿ ನಮ್ಮದು ಅವರ ಪಕ್ಕದ ಮನೆ. ಯುದ್ಧದ ದಿನಗಳು. ದಂಡಿನ ಆಸ್ಪತ್ರೆಯಲ್ಲಿ ನರ್ಸ್ ಆಗಬೇಕೆಂದು ನಾನು ದಿನಾ ಸಂಜೆ ಅವರ ಜಗಲಿಯಲ್ಲಿ ಇಂಗ್ಲಿಷ್ ಕಲಿಯುತ್ತಿದ್ದೆ. ಅವರು ಪುಸ್ತಕ ಮುಟ್ಟುತ್ತಿರಲಿಲ್ಲ, ಪದವನ್ನೇ ಮುಟ್ಟಿಸುತ್ತಿದ್ದರು. ಕೋಟು ಬಿಚ್ಚಿ ಕೊಟ್ಟು, ಕಾಜಾದಲ್ಲಿ ಬೆರಳು ತೂರಿಸು ಎಂದರೆ ಅದು ಹೋಲ್. ಹಿತ್ತಲಲ್ಲಿ ತೆಂಗಿನ ಸಸಿಗೆ ತೋಡಿದ್ದ ಪಿಟ್‌ನಲ್ಲಿ ಇಳಿಸಿ ನಿಲ್ಲಿಸಿದ್ದರು. ಬಾಂಬಿನ ಭಯಕ್ಕೆ ಮೈದಾನದಲ್ಲಿ ತೋಡಿದ್ದ ಟ್ರೆಂಚಿನೊಳಗೆ ಈ ತುದಿಯಿಂದ ಆ ತುದಿಯವರೆಗೆ ನಡೆಸಿದರು. ನೋಡಿದವರು ನಕ್ಕರು.

"ಯಾವುದರಲ್ಲಿ ಬಿದ್ರೂ ಕಾಲು ಮುರಿಯೋದೇ ಅಲ್ವಾ ಮೇಷ್ಟ್ರೇ" ಎಂದೆ.

"ಎಲ್ಲಾನೂ ಗುಂಡಿ ಅಂದು ಕೈ ತೊಳ್ಕೊಂಡ್ಬಿಡ್ತೀಯ. ಹಾಗಾಗಲ್ಲಮ್ಮ. ಟ್ರೆಂಚ್ ಉದ್ದಕ್ಕಿರುತ್ತೆ, ಎಷ್ಟು ಜನಕ್ಕಾದ್ರೂ ಆಗುತ್ತೆ. ಗ್ರೇವ್ ಅಂದ್ರೆ ಹೆಣ ಹೂಳೋ ಗುಂಡಿ, ಒಬ್ಬನ ಅಳತೆಗೆ ತೋಡೋದು."

ಅವರ ಒಬ್ಬನೇ ಮಗ ಬರ್ಮಾದ ಕಡೆ ಮಿಲಿಟರಿ ಲಾರಿ ಓಡಿಸುತ್ತಿದ್ದ. ಸತ್ತನೆಂದು ತಂತಿ ಬಂತು. ತಿಂಗಳ ನಂತರ ಅವನ ಸಾಹೇಬರ ಕಾಗದ ಬಂತು. ಮೇಷ್ಟ್ರು ಅದನ್ನು ಓದಿ, ಮಡಿಚಿ, ಕೋಟಿನ ಜೇಬಿಗೆ ಹಾಕಿಕೊಂಡರು. ಆ ವರ್ಷ ಅವರ ಬಲಗೆನ್ನೆಯೂ ಎಡಗೆನ್ನೆಯಂತೆಯೇ ಆಯಿತು.

ಸತ್ತವರನ್ನು ಹೂಳುವುದು ಅವರ ಮನೆತನದ ಪದ್ಧತಿ. ಒಬ್ಬೊಬ್ಬರಿಗೂ ಬೇರೆ ಗುಂಡಿ ತೋಡಬೇಕು, ಮನೆಯವರೆಲ್ಲ ಮೂರು ಮೂರು ಹಿಡಿ ಮಣ್ಣು ಹಾಕಬೇಕು. ಇಂಗ್ಲಿಷ್ ಬಾರದ ಅವರ ಹೆಂಡತಿ ಒಂದು ಸಂಜೆ ಗಂಡನ ಜೇಬಿನಿಂದ ಕಾಗದ ತೆಗೆದು, ಅವರ ಎದುರಿಗೇ ನನ್ನ ಕೈಗೆ ಕೊಟ್ಟರು.

"ಇವ್ರು ಬಾಯೇ ಬಿಡಲ್ಲ. ನೀನು ಓದವ್ವ. ನನ್ ಮಗನಿಗೆ ಅಂತ ಬೇರೆ ಗುಂಡಿ ತೋಡಿದ್ರಾ?"

ಕಾಗದದಲ್ಲಿ ಟ್ರೆಂಚ್ ಎಂದಿತ್ತು. ಹನ್ನೊಂದು ಜನರನ್ನು ಒಟ್ಟಿಗೆ ಹೂಳಿದ್ದೇವೆ ಎಂದೂ ಇತ್ತು. ದುಃಖವೂ ಆಗಲಿಲ್ಲ, ಭಯವೂ ಆಗಲಿಲ್ಲ.

"ಗ್ರೇವ್ ಅಂತ ಬರ್ದಿದಾರೆ ಅಮ್ಮ. ಅವನೊಬ್ಬನಿಗೇ ತೋಡಿದ್ರಂತೆ" ಎಂದೆ.

ಒಂದು ಪದ ತಪ್ಪಿದರೂ ಬಿಡದ ಮೇಷ್ಟ್ರು ಅಂದು ತಿದ್ದಲಿಲ್ಲ. ಕಾಗದ ವಾಪಸ್ಸು ಇಸಿದುಕೊಂಡು, "ನಾಳೆ ಪಾಠಕ್ಕೆ ಬಾ" ಎಂದರು. ಪಾಠ ಮುಂದುವರಿಯಿತು. ನನಗೆ ಕೆಲಸವೂ ಸಿಕ್ಕಿತು. ಕಾಗದದ ಮಾತನ್ನು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಯುದ್ಧ ಮುಗಿದ ಎರಡು ವರ್ಷಕ್ಕೆ ಮೇಷ್ಟ್ರು ಹೋದರು. ಹೂಳುವಾಗ ಅವರ ಹೆಂಡತಿ ಮೂರು ಹಿಡಿ ಮಣ್ಣು ಹಾಕಿದರು. ಎಲ್ಲರೂ ಮುಗಿಯಿತೆಂದುಕೊಂಡಾಗ ಮತ್ತೆ ಬಗ್ಗಿ ಇನ್ನೂ ಮೂರು ಹಿಡಿ ಹಾಕಿದರು.

"ಇದು ಮಗನ್ದು" ಎಂದರು ನನಗೆ. "ಅಲ್ಲಿ ಒಬ್ನೇ ಮಲಗವ್ನೆ. ಅಪ್ಪನ ಜೊತೇಲಾದ್ರೂ ಇರ್ಲಿ."

ಅವನ ಜೊತೆ ಹತ್ತು ಜನರಿದ್ದಾರೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ನನ್ನ ಪಾಲಿನ ಮಣ್ಣು ಹಾಕಿ ಮನೆಗೆ ಬಂದೆ.