ಫೋಟೊದ ಎಡಮೂಲೆಯ ಕಪ್ಪು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ತೊಣ್ಣೂರು ಕೆರೆಗೆ ನಾವು ಹೋದದ್ದು ಆಯುಧಪೂಜೆಯ ಮಾರನೆಯ ದಿನ ಎಂದು ಡೈರಿಯಲ್ಲಿ ಬರೆದುಕೊಂಡಿದ್ದೇನೆ. ಅವ್ವ ಎರಡು ದಿನ ಬಿಟ್ಟು ಎನ್ನುತ್ತಾಳೆ. ದೊಡ್ಡವ್ವ ಉಟ್ಟಿದ್ದ ಸೀರೆ ನನ್ನ ನೆನಪಿನಲ್ಲಿ ಹಸಿರು, ಫೋಟೊದಲ್ಲಿ ನೀಲಿ. ಆ ಫೋಟೊಗಳನ್ನಾದರೂ ಎಷ್ಟು ನಂಬಬೇಕೋ ತಿಳಿಯದು.

ಖಚಿತವಾದದ್ದು ಒಂದೇ. ಅವ್ವ ಮತ್ತು ಅವಳ ಅಕ್ಕ, ಅಂದರೆ ನನ್ನ ದೊಡ್ಡವ್ವ, ಜೊತೆಗಿರುವ ಒಂದು ಫೋಟೊ ಕೂಡ ಅಲ್ಲಿಯವರೆಗೆ ಯಾರ ಮನೆಯಲ್ಲೂ ಇರಲಿಲ್ಲ. ಇಬ್ಬರೂ ಹುಟ್ಟಿದ್ದು ಸಿಂಧಘಟ್ಟದಲ್ಲಿ. ದೊಡ್ಡವ್ವನನ್ನು ನಾಗಮಂಗಲದ ಕಡೆ ದೇವಲಾಪುರಕ್ಕೆ ಕೊಟ್ಟರು, ಅವ್ವನನ್ನು ಪಾಂಡವಪುರದ ಹತ್ತಿರ ನಮ್ಮೂರಿಗೆ. ಮದುವೆ, ನಾಮಕರಣ, ಗೃಹಪ್ರವೇಶ ಯಾವುದನ್ನೂ ದೊಡ್ಡವ್ವ ತಪ್ಪಿಸುವುದಿಲ್ಲ. ಆದರೆ ಫೋಟೊದವನು ಬಂದ ಕೂಡಲೇ ಅವಳಿಗೆ ಒಲೆಯ ಕಡೆ ಏನೋ ಕೆಲಸ ನೆನಪಾಗುತ್ತದೆ.

ಹುಡುಗಿಯರಾಗಿದ್ದಾಗ ಇಬ್ಬರೂ ಕೆ.ಆರ್. ಪೇಟೆಯ ಒಂದು ಸ್ಟುಡಿಯೊಗೆ ಹೋಗಿದ್ದರಂತೆ. ಅವ್ವ ಬಿಳುಪು, ದೊಡ್ಡವ್ವ ಕಪ್ಪು. ಸ್ಟುಡಿಯೊದವನು ದೊಡ್ಡವ್ವನ ಮುಖಕ್ಕೆ ಪೌಡರ್ ಮೆತ್ತಿ, "ಈಗ ನೋಡಿ, ಅಕ್ಕ ತಂಗಿ ಅನ್ಬೋದು" ಎಂದು ನಕ್ಕನಂತೆ. ಇದನ್ನು ದೊಡ್ಡವ್ವನೇ ಹೇಳಿದ್ದೆಂದು ನನ್ನ ನೆನಪು. ಅವ್ವನ ಪ್ರಕಾರ ಪೌಡರ್ ಸುಳ್ಳು, ಅವನು ದೊಡ್ಡವ್ವನನ್ನು ಹಿಂದೆ ನಿಲ್ಲಿಸಿದ ಅಷ್ಟೆ. ಆ ಫೋಟೊ ಏನಾಯಿತೆಂದು ಇಬ್ಬರಿಗೂ ಗೊತ್ತಿಲ್ಲ.

ಕಳೆದ ದಸರೆಗೆ ದೊಡ್ಡವ್ವ ನಮ್ಮ ಮನೆಗೆ ಬಂದಿದ್ದಾಗ ಅವ್ವ ಬಾಯಿಬಿಟ್ಟು ಕೇಳಿದಳು.

"ಅಕ್ಕಯ್ಯ, ನಂಗೆ ನಿನ್ ಜೊತೆ ಒಂದೇ ಒಂದು ಫೋಟೊ ಬೇಕು ಕಣಕ್ಕ. ಇನ್ನೇನೂ ಕೇಳಕಿಲ್ಲ."

ದೊಡ್ಡವ್ವ ವೀಳ್ಯದೆಲೆಯ ನಾರು ತೆಗೆದು ಎಲೆ ಮಡಿಚಿದಳು. "ಫೋನಲ್ ಬ್ಯಾಡ. ಫೋನಲ್ ತೆಗುದ್ರೆ ಊರ್ಗೆಲ್ಲ ಓಗ್ಬುಡ್ತದೆ. ನಿನ್ ಮಗಳತ್ರ ಕ್ಯಾಮೆರಾ ಐತಲ್ಲ, ಅದ್ರಲ್ಲಿ ತೆಗೀಲಿ. ಒಂದ್ಸಲ ಮಾತ್ರ."

ನನ್ನ ಕ್ಯಾಮೆರಾ ಮೈಸೂರಿನಲ್ಲಿ ಎಂ.ಎ. ಓದುವಾಗ ಕೊಂಡ ಚಿಕ್ಕ ಡಿಜಿಟಲ್ ಕ್ಯಾಮೆರಾ. ಗುಂಡಿ ಒತ್ತಿದರೆ ಲೆನ್ಸು ಮುಂದೆ ಬಂದು, ಅದರ ಮೇಲಿನ ಎರಡು ತೆಳು ರೆಪ್ಪೆಗಳು ತಾವಾಗಿ ತೆರೆದುಕೊಳ್ಳುತ್ತವೆ. ಕಣ್ಣಿಟ್ಟು ನೋಡುವ ಕಿಂಡಿ ಇಲ್ಲ, ಹಿಂದಿನ ಪರದೆಯಲ್ಲೇ ನೋಡಬೇಕು.

ಕೆರೆಯ ಏರಿಯ ಮೇಲೆ ಇಬ್ಬರನ್ನೂ ನಿಲ್ಲಿಸಿದೆ. ಬಿಸಿಲಿಗೆ ಪರದೆ ಸರಿಯಾಗಿ ಕಾಣುತ್ತಿರಲಿಲ್ಲ. ಮೇಲಿನ ಎಡಮೂಲೆಯಲ್ಲಿ, ದೊಡ್ಡವ್ವ ನಿಂತ ಕಡೆ, ಏನೋ ಕಪ್ಪಗೆ ಇಳಿದಂತಿತ್ತು. ಮರದ ಕೊಂಬೆ ಎಂದುಕೊಂಡು ಇಬ್ಬರನ್ನೂ ಬಯಲಿಗೆ ಜರುಗಿಸಿದೆ. ಕಪ್ಪೂ ಜೊತೆಗೇ ಬಂತು. ನನ್ನ ಬೆರಳೇ ಅಡ್ಡ ಬಂತೇನೋ ಎಂದು ಕ್ಯಾಮೆರಾವನ್ನು ತುದಿಯಲ್ಲಿ ಹಿಡಿದೆ. ತೂಗಾಡುತ್ತಿದ್ದ ಅದರ ಕೈದಾರವನ್ನು ಮಣಿಕಟ್ಟಿಗೆ ಸುತ್ತಿಕೊಂಡೆ. ಪರದೆಯಿಂದ ಕಣ್ಣು ತೆಗೆಯದೆಯೇ ಸೆರಗಿನಿಂದ ಲೆನ್ಸು ಒರೆಸಿದೆ. ಆಮೇಲೆ ಮತ್ತೆ ಜರುಗಿಸಿದೆ.

"ಎಷ್ಟು ಸಲ ಜರುಗುಸ್ತೀಯೆ ನನ್ನ? ನಾನೇನ್ ಬೀರುವಾ?" ಎಂದಳು ದೊಡ್ಡವ್ವ.

"ಬೀರು ಆದ್ರೆ ಬಾಯಾದ್ರೂ ಮುಚ್ಕಂಡಿರ್ತಿತ್ತು" ಎಂದಳು ಅವ್ವ.

ದೊಡ್ಡವ್ವ ನಕ್ಕಳು. ನಗುತ್ತಲೇ ತಂಗಿಯ ಹೆಗಲ ಮೇಲೆ ಕೈ ಹಾಕಿದಳು. ಈ ಹೊತ್ತು ಕಳೆದರೆ ಮತ್ತೆ ಸಿಗದು ಎಂದು ಗುಂಡಿ ಒತ್ತುತ್ತ ಹೋದೆ. ಹನ್ನೊಂದು ಫೋಟೊ. ಆ ಕಪ್ಪು ಬರೀ ಬಿಸಿಲಿನ ಆಟ, ಫೋಟೊದಲ್ಲಿ ಇರಲಾರದು ಎಂದು ನನಗೆ ನಾನೇ ಹೇಳಿಕೊಂಡೆ.

ದೊಡ್ಡವ್ವ ಊರಿಗೆ ಹೊರಟ ಮೇಲೆ ಕಂಪ್ಯೂಟರಿಗೆ ಹಾಕಿ ನೋಡಿದರೆ ಹನ್ನೊಂದರಲ್ಲೂ ಅದು ಇತ್ತು. ಅಂಚು ಮಸುಕಾದ, ಬಾಗಿದ ಒಂದು ಕಪ್ಪು. ದೊಡ್ಡವ್ವನ ತಲೆ, ಹಣೆ, ಕಣ್ಣು ಎಲ್ಲ ಅದರೊಳಗೆ. ಕಾಣುತ್ತಿದ್ದುದು ಗಲ್ಲ ಮತ್ತು ಅವ್ವನ ಹೆಗಲ ಮೇಲಿನ ಕೈ. ಪಕ್ಕದಲ್ಲಿ ಅವ್ವ ಮಾತ್ರ ಲಕಲಕ ಹೊಳೆಯುತ್ತಿದ್ದಳು.

ಅವ್ವ ನೋಡಿದಳು. "ಇದುನ್ನ ಅಕ್ಕಯ್ಯಂಗೆ ತೋರುಸ್ಬ್ಯಾಡ" ಎಂದಳು.

ಬ್ಯಾಟರಿ ಬದಲಿಸಿದೆ, ಕಾರ್ಡು ಬದಲಿಸಿದೆ. ಗೋಡೆಯ ಫೋಟೊ ತೆಗೆದರೆ ಗೋಡೆಗೂ ಕಪ್ಪು. ಜೂಮ್ ಮಾಡಿದರೆ ಅದು ತೆಳುವಾಗಿ ಹರಡುತ್ತಿತ್ತು, ಬಿಟ್ಟರೆ ಮತ್ತೆ ಮೂಲೆಗೆ ಬಂದು ಕೂರುತ್ತಿತ್ತು. ಕೊನೆಗೆ ಬಸ್ಸು ಹತ್ತಿ ಶ್ರೀರಂಗಪಟ್ಟಣಕ್ಕೆ ಹೋದೆ. ಅಲ್ಲಿ ಕೈಗಡಿಯಾರ, ಕ್ಯಾಮೆರಾ ರಿಪೇರಿ ಮಾಡುವ ವಯಸ್ಸಾದ ಸಾಹೇಬರೊಬ್ಬರ ಅಂಗಡಿ ಇದೆ. ಅವರು ಕ್ಯಾಮೆರಾವನ್ನು ನಾಲ್ಕೈದು ಸಲ ಆನ್, ಆಫ್ ಮಾಡಿ, ಭೂತಗನ್ನಡಿ ಹಿಡಿದು ನೋಡಿದರು.

"ಗಾಜು ಚೆನ್ನಾಗೈತೆ ಮೇಡಂ. ರೆಪ್ಪೆ ಒಂದು ಅರ್ಧಕ್ಕೇ ನಿಂತ್ಬುಡ್ತೈತೆ. ಸಂದೀಲಿ ಏನೋ ಒಣಗೈತೆ." ಕಡ್ಡಿಗೆ ಹತ್ತಿ ಸುತ್ತಿ, ಸ್ಪಿರಿಟ್ ಅದ್ದಿ ಮೆಲ್ಲಗೆ ಉಜ್ಜಿದರು. ಹತ್ತಿಯ ತುದಿ ಹಳದಿ ಬೆರೆತ ಕೆಂಪಾಯಿತು. ಮೂಸಿ ನೋಡಿ ನಕ್ಕರು. "ಗಂಧ, ಕುಂಕುಮ. ಆಯುಧಪೂಜೇಲಿ ಇಟ್ಟಿದ್ರಾ?"

ಇಟ್ಟಿದ್ದೆವು. ಜಗುಲಿಯಲ್ಲಿ ಅಣ್ಣನ ಟ್ರಾಕ್ಟರಿನ ಬೀಗದಕೈ, ಔಷಧಿ ಹೊಡೆಯುವ ಮಿಷನ್ನು, ಕುಡುಗೋಲು, ಮಚ್ಚು, ಹಾಲಿನ ಕ್ಯಾನು, ಪಕ್ಕದಲ್ಲಿ ನನ್ನ ಕ್ಯಾಮೆರಾ. ಎಲ್ಲದಕ್ಕೂ ನಟ್ಟನಡುವೆ ಬೊಟ್ಟು. ಕ್ಯಾಮೆರಾದ ನಟ್ಟನಡುವೆ ಇರುವುದು ಆ ಮುಚ್ಚಿದ ರೆಪ್ಪೆಗಳೇ.

"ಪೂಜೆ ಬ್ಯಾಡ ಅನ್ನಕಿಲ್ಲ. ಹಬ್ಬದ ದಿನ ನನ್ ಅಂಗ್ಡಿಗೂ ಪಕ್ಕದೋರು ಬಂದು ಬೊಟ್ಟಿಟ್ಟು ಓಗ್ತಾರೆ. ಮುಂದಿನ್ ಸಲ ಮೈಗೆ ಇಡಿ, ಕಣ್ಣಿಗೆ ಇಡ್ಬ್ಯಾಡಿ" ಎಂದು ಕ್ಯಾಮೆರಾ ನನ್ನ ಕೈಗೆ ಕೊಟ್ಟರು. ರೆಪ್ಪೆ ಪೂರ್ತಿ ತೆರೆಯಿತು. ರಸ್ತೆ, ಆಟೊ, ಎದುರಿನ ಅಂಗಡಿ ಎಲ್ಲ ನಾಲ್ಕೂ ಮೂಲೆಯವರೆಗೆ ಬೆಳ್ಳಗೆ ಕಂಡವು.

ಕ್ಯಾಮೆರಾ ಸರಿಹೋಯಿತು, ನನ್ನ ತಲೆ ಸರಿಹೋಗಲಿಲ್ಲ. ಆ ಬೊಟ್ಟು ಇಟ್ಟವರು ಯಾರು? ಗಂಧದ ಬಟ್ಟಲು ಹಿಡಿದು ಬಾಗಿದ ದೊಡ್ಡವ್ವನ ಬೆರಳು ನನ್ನ ಕಣ್ಣಿಗೆ ಕಟ್ಟಿದಂತಿದೆ. "ಇಲ್ಲ, ನೀನೇ ಇಟ್ಟಿದ್ದು" ಎಂದಳು ಅವ್ವ. ಅಣ್ಣನನ್ನು ಕೇಳಿದರೆ, "ನಂಗೊತ್ತಿಲ್ಲ, ಟ್ರಾಕ್ಟ್ರುಗೆ ನಾನಿಟ್ಟೆ" ಎಂದ. ಇತಿಹಾಸ ಓದಿದವಳು ನಾನು, ಸಾಕ್ಷಿಗಳನ್ನು ತೂಗಿ ನೋಡಲು ಕಲಿತವಳು. ಇಲ್ಲಿ ಮೂವರು ಸಾಕ್ಷಿಗಳಲ್ಲಿ ನನ್ನ ಮೇಲೆಯೇ ನನಗೆ ಹೆಚ್ಚು ಅನುಮಾನ.

ಇನ್ನೊಂದು ವಿಷಯ ಅದಕ್ಕಿಂತ ಹೆಚ್ಚು ಕಾಡುತ್ತದೆ. ಏರಿಯ ಮೇಲೆ ಇಬ್ಬರನ್ನೂ ಒಟ್ಟಿಗೆ ಜರುಗಿಸಿದೆನೇ ಹೊರತು, ಒಬ್ಬರ ಜಾಗಕ್ಕೆ ಇನ್ನೊಬ್ಬರನ್ನು ನಿಲ್ಲಿಸಲಿಲ್ಲ. ನಿಲ್ಲಿಸಿದ್ದರೆ ಕಪ್ಪು ಅವ್ವನ ಮುಖಕ್ಕೆ ಬೀಳುತ್ತಿತ್ತು, ದೋಷ ಕ್ಯಾಮೆರಾದ್ದೆಂದು ಆಗಲೇ ತಿಳಿಯುತ್ತಿತ್ತು. ಯಾಕೆ ಹೊಳೆಯಲಿಲ್ಲ? ದೊಡ್ಡವ್ವ ಇರುವ ಕಡೆ ಕಪ್ಪು ಕಂಡಾಗ ನನ್ನ ಕಣ್ಣಿಗೆ ಅದು ಅಷ್ಟೇನೂ ವಿಚಿತ್ರವೆನ್ನಿಸಲಿಲ್ಲವೇ? ಕೆ.ಆರ್. ಪೇಟೆಯ ಆ ಸ್ಟುಡಿಯೊದವನಿಗಿಂತ ನಾನು ಎಷ್ಟು ಬೇರೆ? ಬಿಸಿಲು, ಅವಸರ ಎಂದು ಉತ್ತರ ಬರೆದೆ. ಆಮೇಲೆ ಅದನ್ನು ಹೊಡೆದುಹಾಕಿದೆ.

ಅಷ್ಟರಲ್ಲಿ ದೊಡ್ಡವ್ವನೇ ಫೋನ್ ಮಾಡಿದಳು. ಅವ್ವ ಸ್ಪೀಕರ್ ಹಾಕಿದ್ದಳು.

"ಫೋಟೊ ಎಂಗ್ ಬಂದೈತೆ?"

"ಚೆನ್ನಾಗ್ ಬಂದೈತೆ ಕಣಕ್ಕ."

"ನಾನೆಂಗ್ ಕಾಣ್ತೀನಿ?"

ಅವ್ವ ನನ್ನ ಮುಖ ನೋಡಿದಳು. "ನನ್ನಂಗೇ ಕಾಣ್ತೀಯ."

ಆ ಕಡೆ ದೊಡ್ಡವ್ವ ಜೋರಾಗಿ ನಕ್ಕಳು. "ಸುಳ್ಳಿ! ಅಂಗಾದ್ರೆ ದೊಡ್ಡದು ಮಾಡ್ಸಿ ಕಳ್ಸು. ಸೊಸೆ ಗ್ವಾಡೆಗೆ ಆಕ್ತೀನಿ ಅಂತವ್ಳೆ."

ಫೋನ್ ಇಟ್ಟ ಮೇಲೆ ಅವ್ವ ನನ್ನ ಮೇಲೆ ರೇಗಿದಳು, ಆಮೇಲೆ ತನ್ನ ಮೇಲೆ. "ಈಗೇನ್ ಕಳುಸ್ತೀಯೇ? ಗಲ್ಲ ಕಳುಸ್ತೀಯಾ?"

ಎರಡು ವಾರ ಸುಮ್ಮನಿದ್ದೆವು. ಆಮೇಲೆ ದೊಡ್ಡವ್ವನ ಸೊಸೆಯ ಫೋನಿಗೆ ನಾನು ವಾಯ್ಸ್ ಮೆಸೇಜ್ ಕಳಿಸಿದೆ. ನಡೆದದ್ದನ್ನೆಲ್ಲ ಹೇಳಿದೆ: ಅರ್ಧ ತೆರೆದ ರೆಪ್ಪೆ, ಒಣಗಿದ ಗಂಧ, ಮುಖದ ಮೇಲೆ ಬಿದ್ದ ಕಪ್ಪು, ಅವ್ವ ಹೇಳಿದ ಸುಳ್ಳು. ಬೊಟ್ಟಿಟ್ಟದ್ದು ನಾನೇ ಎಂದೆ. ಅದು ನಿಜವಿದ್ದರೂ ಇರಬಹುದು. ಸೊಸೆ ಅದನ್ನು ಅವಳಿಗೆ ಎರಡು ಸಲ ಕೇಳಿಸಿದಳಂತೆ. ಎರಡನೆಯ ಸಲ ಮುಗಿದಾಗ ದೊಡ್ಡವ್ವ ಎದ್ದು ಹಸುವಿಗೆ ನೀರು ಕುಡಿಸಲು ಹೋದಳಂತೆ. ಈವತ್ತಿನವರೆಗೂ ಅವಳಿಂದ ಮಾತಿಲ್ಲ. ಮೆಸೇಜಿನ ಕೊನೆಯಲ್ಲಿ ನಾನು ಕೇಳಿದ್ದು ಇಷ್ಟು:

"ದೊಡ್ಡವ್ವ, ಅವ್ವನ್ನ ಕರ್ಕಂಡು ನಾನೇ ದೇವಲಾಪುರಕ್ಕೆ ಬತ್ತೀನಿ. ಇನ್ನೊಂದ್ಸಲ ಅವಳ ಪಕ್ಕ ನಿಂತ್ಕತೀಯಾ?"