ಕೊಳದ ದಂಡೆಯಲ್ಲಿ ಪುಟ್ಟಮಾದಪ್ಪ ಮೇಷ್ಟ್ರು

ಪುಟ್ಟಮಾದಪ್ಪ ಮೇಷ್ಟ್ರಿಗೆ ಎಡಗಿವಿ ಅರ್ಧವೇ ಇತ್ತು. ಮಿಕ್ಕ ಅರ್ಧವನ್ನು ತೆರಕಣಾಂಬಿಯ ಹೊಲದ ಬದುವಿನ ಜಗಳದಲ್ಲಿ ಸ್ವಂತ ಚಿಕ್ಕಪ್ಪನೇ ಕುಡುಗೋಲಿನಿಂದ ಹಾರಿಸಿದ್ದ. ಅದೇ ಜಗಳದಲ್ಲಿ ಅವರ ಅಪ್ಪ ಸತ್ತರು. ಅಂಥ ಮನೆಯಿಂದ ಬಂದವರು ಮೈಸೂರಿನ ಕಾಲೇಜಿನಲ್ಲಿ ನಮಗೆ ಇತಿಹಾಸ ಹೇಳುತ್ತಿದ್ದರು. ಪಾಠ ಕಾವೇರಿದಾಗ ಊರಿನ ಮಾತು ನುಗ್ಗುತ್ತಿತ್ತು.

“ಗೆದ್ದ ರಾಜನ ಎಸ್ರು ಬುಡ್ರಪ್ಪ. ಅವನ ಆನೆ ಕಾಲಡೀಲಿ ಸತ್ತೋನ ಎಸ್ರು ಯೋಳಿ!”

ಯಾರೂ ಬಾಯಿ ಬಿಡದಿದ್ದರೆ ಮೇಜಿಗೆ ಗುದ್ದುತ್ತಿದ್ದರು. ಒಮ್ಮೆ ಹಲಗೆಯೇ ಸೀಳಿತು. ತಾವೇ ಬೆಚ್ಚಿಬಿದ್ದು, ಆ ಕೈಯನ್ನು ಕೋಟಿನ ಜೇಬಿಗೆ ತುರುಕಿಕೊಂಡು ಗಂಟೆ ಹೊಡೆಯುವವರೆಗೂ ತೆಗೆಯಲಿಲ್ಲ.

ಭಾನುವಾರ ಬಂತೆಂದರೆ ಶಾಸನಗಳ ಹುಡುಕಾಟ. ಎಂ.ಎ. ಓದುತ್ತಿದ್ದ ನಾನು ಮಸಿ, ಕಾಗದ ಹೊತ್ತು ಹಿಂದೆ ಹೋಗುತ್ತಿದ್ದೆ. ಐವತ್ತರ ದಶಕದ ಒಂದು ಬೇಸಿಗೆಯಲ್ಲಿ ಹರವೆಯ ಆಚೆಗಿನ ಹಳ್ಳಿಯೊಂದಕ್ಕೆ ಹೋದೆವು. ಅಲ್ಲಿನ ಕೊಳಕ್ಕೆ ಊರಿನ ಪಟೇಲ ಮುಳ್ಳುಬೇಲಿ ಹಾಕಿಸಿದ್ದ. ಕೂಲಿಯವರ ಕೇರಿಯ ಹೆಂಗಸರು ನೀರಿಗೆ ಎರಡು ಮೈಲಿ ನಡೆಯುತ್ತಿದ್ದರು. ಮೇಷ್ಟ್ರು ಬೇಲಿ ಸರಿಸಿ ಒಳನುಗ್ಗಿದರು. ದಂಡೆಯ ಶಾಸನದ ಕಲ್ಲಿಗೆ ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಬಡಿದು ಮಸಿ ಒತ್ತಿದಾಗ ಅಕ್ಷರ ಎದ್ದುಬಂದವು: ಈ ಕೊಳದ ನೀರು ಊರಿನ ಸಮಸ್ತರಿಗೂ ಸಲ್ಲುವುದು.

ಕಾಗದ ಆರುವಷ್ಟರಲ್ಲಿ ಸುದ್ದಿ ಪಟೇಲನಿಗೆ ಮುಟ್ಟಿ, ಅವನ ನಾಲ್ವರು ಆಳುಗಳು ಹಾರೆ, ದೊಣ್ಣೆ ಹಿಡಿದು ಬಂದರು.

“ಎದ್ದೋಗಿ ಮೇಷ್ಟ್ರೇ. ಕಲ್ಲು ಒಡೀಬೇಕು.”

“ಮೊದ್ಲು ನನ್ನ ಒಡೀರ್ಲಾ,” ಎಂದು ಮೇಷ್ಟ್ರು ಕಲ್ಲಿಗೆ ಅಡ್ಡ ನಿಂತರು. ಕಾಗದವನ್ನು ನನ್ನ ಕೈಗಿಟ್ಟು, “ಓಡು. ಇದ್ನ ತಾಲ್ಲೂಕು ಕಚೇರಿಗೆ ಮುಟ್ಸು,” ಎಂದರು.

ಓಡಿದೆ. ತಿರುಗಿ ನೋಡಿದಾಗ ಒಬ್ಬನ ದೊಣ್ಣೆ ಮೇಷ್ಟ್ರ ತೋಳಿಗೆ ಬಿತ್ತು. ಅವರು ಅವನ ಕತ್ತು ಹಿಡಿದು, ಎಳೆದೊಯ್ದು ನೀರಿನಲ್ಲಿ ಅದುಮಿದರು. ಅವರ ಮುಖ ನನಗೆ ಗುರುತೇ ಸಿಗಲಿಲ್ಲ. ಮೊದಲು ಕೇರಿಗೆ ಓಡಿ ಜನರನ್ನು ಕರೆತರುವಷ್ಟರಲ್ಲಿ ಕಲ್ಲು ಚೂರಾಗಿತ್ತು. ಪಕ್ಕದಲ್ಲಿ ಮೇಷ್ಟ್ರು ತಲೆಯೊಡೆದು ಬಿದ್ದಿದ್ದರು. ಆಳುಗಳು ಒಬ್ಬರೂ ಇರಲಿಲ್ಲ.

ಚಾಮರಾಜನಗರದ ಆಸ್ಪತ್ರೆಯಲ್ಲಿ ಮೂರನೆಯ ದಿನ ಕಣ್ಣು ಬಿಟ್ಟರು.

“ಕಾಗ್ದ?”

“ಮುಟ್ಟಿಸಿದ್ದೀನಿ ಸಾರ್.”

“ನೀರಲ್ಲಿ ಅದುಮಿದ್ನಲ್ಲ… ಅವ್ನು ಬದುಕವ್ನಾ?”

ಗೊತ್ತಿಲ್ಲ ಎಂದೆ. ಸುಳ್ಳಾದರೂ ಹೇಳಬೇಕಿತ್ತು. ಅವರು ಗೋಡೆಯ ಕಡೆ ಹೊರಳಿ ಮಲಗಿದರು. ಮಾರನೆಯ ಬೆಳಿಗ್ಗೆ ತೀರಿಕೊಂಡರು.

ಬೇಲಿ ಆ ವರ್ಷವೇ ಹೋಯಿತು. ಹಾರೆ ಬೀಸಿದವನಿಗೆ ಜೈಲೂ ಆಯಿತು. ಅದೆಲ್ಲ ಆಮೇಲಿನ ಮಾತು. ಆ ಬೆಳಿಗ್ಗೆ, ಮೇಷ್ಟ್ರು ತೀರಿಕೊಂಡ ಮೇಲೆ, ನಾನು ಆಸ್ಪತ್ರೆಯ ಜಗಲಿಯಲ್ಲಿ ಕೂತಿದ್ದಾಗ ಒಬ್ಬಾತ ಬಂದು ನಿಂತ. ಕತ್ತಿನ ಸುತ್ತ ಬೆರಳುಗಳ ಕಪ್ಪು ಗುರುತು.

“ಉಸ್ರು ಓಗೇ ಬುಡ್ತು ಅನ್ಕಂಡಿದ್ದೆ ಕಣಪ್ಪ,” ಎಂದ. “ಇದ್ಕಿದ್ದಂಗೆ ಕೈ ಬುಟ್ಬುಟ್ರು. ರಟ್ಟೆ ಹಿಡ್ದು ಅವ್ರೇ ದಡಕ್ಕೆ ಎಳ್ದಾಕುದ್ರು. ನನ್ನ ಎತ್ತಾಕೆ ಅಂತ ಬಗ್ಗಿದ್ರಲ್ಲ, ಆಗ್ಲೇ ಹಿಂದ್ಗಡೆಯಿಂದ ಹಾರೆ ಬಿತ್ತು. ಬದುಕಿವ್ನಿ ಅಂತ ಮೇಷ್ಟ್ರಿಗೆ ಯೋಳಾನ ಅಂತ ಬಂದೆ. ಒಳಿಕ್ಕೆ ಬುಡ್ತಾರಾ?”

ನಾನು ಅವನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡೆ.